ಕಂಬಳಿಯಲ್ಲಿ ಸುತ್ತಿದ ಕಂಪ್ಯೂಟರ್

ಯಲ್ಲೇಶ ಕೂತಲ್ಲಿ ಕೂತವನಲ್ಲ, ನಿಂತಲ್ಲಿ ನಿಂತವನಲ್ಲ. ಊಟಕ್ಕೆ ಕೂತರೂ ಅರ್ಧ ರೊಟ್ಟಿಗೆ ಎದ್ದು ನಲ್ಲಿ ಸೋರುತ್ತಿದೆಯೇನೋ ಎಂದು ನೋಡಿ ಬರಬೇಕು. ಮದುವೆಮನೆಗೆ ಹೋದರೆ ಅಕ್ಷತೆ ಬೀಳುವ ಮುಂಚೆಯೇ ಮಂಟಪದ ಫ್ಯಾನು ಯಾಕೆ ಅಲುಗುತ್ತಿದೆ ಎಂದು ಏಣಿ ಹುಡುಕಬೇಕು. ಈ ಮನುಷ್ಯನ ಕಾಲಿಗೆ ಚಕ್ರ ಕಟ್ಟಿದವರು ಯಾರು ಎಂದು ಹೆಂಡತಿ ಮಂಗಲ ಇಪ್ಪತ್ತೆರಡು ವರ್ಷದಿಂದ ಕೇಳುತ್ತಲೇ ಇದ್ದಾಳೆ. ಬೇರೆ ಯಾರು ಕಟ್ಟುತ್ತಾರೆ? ಗಡಹಿಂಗ್ಲಜ ಕಡೆಯ ಕುರುಬರ ಮನೆತನ. ಅಪ್ಪ ವರ್ಷದ ಎಂಟು ತಿಂಗಳು ಕುರಿಹಿಂಡಿನ ಹಿಂದೆ ಊರೂರು ತಿರುಗಿದವನು. ಮಗ ಹದಿನೇಳನೇ ವಯಸ್ಸಿಗೆ ಕುರಿ ಬಿಟ್ಟು ಇಚಲಕರಂಜಿಗೆ ಬಂದು ಪವರ್‌ಲೂಮಿನ ಶೆಡ್ಡು ಸೇರಿದ. ಕುರಿ ಬಿಟ್ಟನೇ ಹೊರತು ತಿರುಗುವುದನ್ನು ಬಿಡಲಿಲ್ಲ. ದಿನವಿಡೀ ಈ ಮಗ್ಗದಿಂದ ಆ ಮಗ್ಗಕ್ಕೆ ತಿರುಗಿದ.

ಅವನು ಜಾಬರ್, ಅಂದರೆ ನಿಂತ ಮಗ್ಗವನ್ನು ಮತ್ತೆ ಓಡಿಸುವವನು. ಮಗ್ಗಗಳ ಖಟಖಟ ಸದ್ದಿಗೆ ಮೂವತ್ತು ತುಂಬುವಷ್ಟರಲ್ಲಿ ಕಿವಿ ಅರ್ಧ ಮಂದವಾಗಿತ್ತು. ಕಿವಿ ಕೈಕೊಟ್ಟ ಮೇಲೆ ಕೈಯೇ ಕಿವಿಯಾಯಿತು. ಮಗ್ಗ ನಿಂತಿತೆಂದರೆ ಮೊದಲು ಅಂಗೈ ಚಾಚಿ ಮೋಟಾರಿನ ಮೇಲೆ ಇಡುತ್ತಿದ್ದ, ಆಮೇಲೆ ಚೌಕಟ್ಟಿನ ಮೇಲೆ. ಎಷ್ಟು ಬಿಸಿ, ಎಲ್ಲಿ ನಡುಕ ಎಂದು ನೋಡಿ, ನಟ್ಟು ಬಿಚ್ಚುವ ಪಾನಾ ಹಿಡಿಯುವ ಮುಂಚೆಯೇ ರೋಗ ಹೇಳಿಬಿಡುತ್ತಿದ್ದ. ಇಚಲಕರಂಜಿಯಲ್ಲಿ ಅವನ ಅಂಗೈಗೆ ಒಂದು ಹೆಸರಿತ್ತು.

ಹೋದ ಮಳೆಗಾಲದಲ್ಲ, ಅದರ ಹಿಂದಿನ ಮಳೆಗಾಲದಲ್ಲಿ ಮಾಲಕರು ನಲವತ್ತೆಂಟು ಮಗ್ಗಗಳನ್ನೂ ಗುಜರಿಗೆ ಹಾಕಿದರು. ಇಪ್ಪತ್ತೆಂಟು ವರ್ಷ ದುಡಿದ ಯಲ್ಲೇಶ ಮನೆಯಲ್ಲಿ ಕೂತ. ಕೂತ ಎನ್ನುವುದು ಮಾತಿಗೆ; ಹನ್ನೊಂದು ದಿನದಲ್ಲಿ ಮನೆಯ ಫ್ಯಾನು, ಇಸ್ತ್ರಿಪೆಟ್ಟಿಗೆ, ಮಂಗಲಳ ಹೊಲಿಗೆ ಯಂತ್ರ ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಿದ. ಹನ್ನೆರಡನೆಯ ದಿನ ಮಿಕ್ಸರಿಗೆ ಕೈಹಾಕಿದಾಗ ಮಂಗಲ ಅದನ್ನು ಕಸಿದುಕೊಂಡು, ಎಲ್ಲಾದರೂ ಕೆಲಸ ಕೇಳಿಕೊಂಡು ಬನ್ನಿ ಎಂದು ಅವನನ್ನು ಬಾಗಿಲಾಚೆ ದಬ್ಬಿದಳು.

ಊರ ಹೊರಗೆ ಒಂದು ಹೊಸ ಕಾರಖಾನೆ. ಅಲ್ಲಿಯವು ಲಾಳಿಯೇ ಇಲ್ಲದ ಮಗ್ಗಗಳು, ಒಂದೊಂದಕ್ಕೂ ಪಕ್ಕದಲ್ಲಿ ಸಣ್ಣ ಪರದೆಯ ಪೆಟ್ಟಿಗೆ. ಎಂಟು ಆಗಲೇ ಓಡುತ್ತಿದ್ದವು, ಇನ್ನೆಂಟು ದಸರಾ ಮುಗಿದ ಮೇಲೆ ಬರುವವಿದ್ದವು. ಅಲ್ಲಿಯ ಮೇಲ್ವಿಚಾರಕಿ ಸ್ನೇಹಲ, ಕೋಲ್ಹಾಪುರದಲ್ಲಿ ಇಂಜಿನಿಯರಿಂಗ್ ಓದಿದ ಹೆಣ್ಣುಮಗಳು, ಮಾತೆಲ್ಲ ಮರಾಠಿ. ಕಂಪ್ಯೂಟರ್ ಬರುತ್ತದೆಯೇ ಎಂದು ಕೇಳಿದಳು. ತಲೆ ಬೇಡ ಅನ್ನುವುದರೊಳಗೆ ಬಾಯಿ ಬರುತ್ತದೆ ಎಂದುಬಿಟ್ಟಿತ್ತು. ಹಾಗಾದರೆ ದಸರಾ ಮುಗಿದ ಎಂಟನೇ ದಿನಕ್ಕೆ ಬನ್ನಿ, ಎದುರಿಗೆ ಕೂರಿಸಿ ನೋಡುತ್ತೇನೆ, ಬಂದರೆ ಕೆಲಸ ನಿಮ್ಮದೇ ಎಂದಳು ಅವಳು.

ಯಲ್ಲೇಶ ಹುಟ್ಟಿದಾರಭ್ಯ ಕಂಪ್ಯೂಟರಿನ ಗುಂಡಿ ಒತ್ತಿದವನಲ್ಲ. ಆವತ್ತು ಅದೇ ಯೋಚನೆಯಲ್ಲಿ ಸೈಕಲ್ ತುಳಿಯುತ್ತ ಮನೆ ದಾಟಿ ಎರಡು ಓಣಿ ಮುಂದೆ ಹೋಗಿದ್ದ.

ಹಳೆ ಮಾಲಕರ ಆಫೀಸಿನ ಮೂಲೆಯಲ್ಲಿ ಜೇಡ ಕಟ್ಟಿದ ಒಂದು ಕಂಪ್ಯೂಟರ್ ಇದ್ದುದು ನೆನಪಾಯಿತು. ಕೇಳಿದರೆ, ಅದೂ ಗುಜರಿಗೇ ಹೊರಟಿತ್ತು, ಒಯ್ಯೋ ಮಾರಾಯ ಎಂದರು. ಮನೆಗೆ ತಂದು ಗುಂಡಿ ಒತ್ತಿದ. ಪರದೆ ನೀಲಿಯಾಗಿ, ಗುಂಡು ಗುಂಡಾಗಿ ಏನೋ ತಿರುಗಿ ತಿರುಗಿ ಅಲ್ಲೇ ನಿಂತಿತು. ಮರುದಿನ ಬೆಳಿಗ್ಗೆ ಅದನ್ನು ಬಸ್ಸಿಗೇರಿಸಿಕೊಂಡು ಕೋಲ್ಹಾಪುರದ ಶಾಹೂಪುರಿಗೆ ಹೋದ. ಅಲ್ಲಿ ಜಿನಪಾಲನದೊಂದು ಹಳೆ ಕಂಪ್ಯೂಟರ್ ರಿಪೇರಿ ಅಂಗಡಿ. ಜಿನಪಾಲ ಶಿರೋಳ ಕಡೆಯವನು, ಮನೆಮಾತು ಕನ್ನಡ, ಮಾತು ಕಡಿಮೆ.

ಜಿನಪಾಲ ಮುಚ್ಚಳ ತೆಗೆದು ನೋಡಿ, ಪೆಟ್ಟಿಗೆ ಗಟ್ಟಿಯಿದೆ, ಆದರೆ ಇದರಲ್ಲಿ ಈಗಿನ ವಿಂಡೋಸ್ ಹಾಕುವುದೆಂದರೆ ಮುದಿ ಎತ್ತಿಗೆ ಕಬ್ಬಿನ ಗಾಡಿ ಕಟ್ಟಿದ ಹಾಗೆ ಎಂದ. ಲಿನಕ್ಸ್ ಎಂಬುದೊಂದಿದೆ, ಭಾರ ಕಡಿಮೆ, ಯಾರು ಬೇಕಾದರೂ ಹಾಕಿಕೊಳ್ಳಬಹುದು, ಪುಕ್ಕಟೆ ಎಂದೂ ಹೇಳಿದ. ಪುಕ್ಕಟೆ ಅಂದಕೂಡಲೇ ಯಲ್ಲೇಶನಿಗೆ ಗುಮಾನಿ. ಯಾವ ಕಂಪನಿಯದು, ಮಾಲಕ ಯಾರು ಎಂದು ಕೇಳಿದ. ಮಾಲಕ ಅಂತ ಒಬ್ಬನಿಲ್ಲ, ದೇಶ ದೇಶದವರು ಕೂಡಿ ಮಾಡಿದ್ದು ಎಂದ ಜಿನಪಾಲ.

“ಮಾಲಕ ಇಲ್ಲಂದ್ರ, ಕೆಟ್ಟಾಗ ಯಾರ್ನ ಕೇಳೂದ್ರಿ?”

“ಮಾಡಿದವ್ರನ್ನ ಕೇಳಬಹುದು. ಇಲ್ಲಾಂದ್ರ ನೀವ ಬಿಚ್ಚಿ ನೋಡಬಹುದು. ಬಿಚ್ಚಬ್ಯಾಡ ಅನ್ನವ್ರು ಯಾರೂ ಇಲ್ರಿ.”

ಆ ಒಂದು ಮಾತಿಗೆ ಯಲ್ಲೇಶ ಬಿದ್ದುಹೋದ. ಜನ್ಮದಲ್ಲಿ ಅವನಿಗೆ ಎಲ್ಲರೂ ಬಿಚ್ಚಬೇಡ ಅಂದವರೇ.

ಜಿನಪಾಲ ಪೆನ್‌ಡ್ರೈವ್ ಸಿಕ್ಕಿಸಿ ಶುರುಮಾಡಿದ. ನಡುವೆ ಯಾವ ಭಾಷೆ ಬೇಕು ಎಂದು ಕೇಳಿದ. ಕನ್ನಡ ಇರುತ್ತದೆಯೇ ಎಂದು ಯಲ್ಲೇಶ ಸುಮ್ಮನೆ ಬಾಯಿಮಾತಿಗೆ ಕೇಳಿದ. ಇತ್ತು. ಕೆಲಸ ಮುಗಿಯುವ ಒಂದು ತಾಸಿನಲ್ಲಿ ಅವನು ಆರು ಸಲ ಹೊರಗೆ ಹೋಗಿ ಬಂದ, ಎರಡು ಸಲ ಚಹಾ ಕುಡಿದ, ಪಕ್ಕದ ಅಂಗಡಿಯ ಶಟರಿಗೆ ಎಣ್ಣೆ ಬಿಡಬೇಕೆಂದು ಅದರ ಮಾಲಕನಿಗೆ ಬುದ್ಧಿ ಹೇಳಿದ. ಏಳನೆಯ ಸಲ ಒಳಗೆ ಬಂದಾಗ ಪರದೆಯ ಮೇಲೆ ಕನ್ನಡ ಅಕ್ಷರಗಳಿದ್ದವು.

ಅವನು ಏಳನೇ ಇಯತ್ತೆಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಕಲಿತವನು. ಆಮೇಲಿನ ಬದುಕೆಲ್ಲ ಮರಾಠಿ. ಬ್ಯಾಂಕಿನ ಫಾರ್ಮು, ಗುಳಿಗೆಯ ಚೀಟಿ, ಮಗ್ಗದ ಮೇಲಿನ ತಗಡು, ಯಾವುದೂ ಒಂದು ದಿನ ಅವನೊಡನೆ ಕನ್ನಡದಲ್ಲಿ ಮಾತಾಡಿರಲಿಲ್ಲ. ಈಗ ಗುಜರಿಗೆ ಹೊರಟಿದ್ದ ಪೆಟ್ಟಿಗೆ ಮಾತಾಡುತ್ತಿತ್ತು. ಅವನು ಬಗ್ಗಿ ‘ಕಡತಗಳು’ ಎಂದು ಗಟ್ಟಿಯಾಗಿ ಓದಿದ, ‘ಉಳಿಸು’ ಎಂದು ಓದಿದ, ‘ಮುಚ್ಚು’ ಎಂದು ಓದಿದ. ಆಮೇಲೆ ಸುಮ್ಮನೆ ಮೂಗು ಒರೆಸಿಕೊಂಡ.

ಮೂರು ವಾರ ಹಗಲೆಲ್ಲ ಅದರ ಮುಂದೆಯೇ. ಅಕ್ಷರ ಒತ್ತಲು ಕಲಿತ, ಪಟ್ಟಿ ಮಾಡಲು ಕಲಿತ, ಕೆಡಿಸಿ ಕಲಿತ, ಕೆಡಿಸಿದ್ದನ್ನು ಸರಿಮಾಡಿ ಕಲಿತ. ಅಷ್ಟರಲ್ಲಿ ದಸರಾ ಬಂತು, ಊರಿಂದ ತಾಯಿ ಸಾವಿತ್ರವ್ವನ ಫೋನೂ ಬಂತು. ಆ ಮನೆಯದೊಂದು ಪದ್ಧತಿ. ಖಂಡೇನವಮಿಗೆ, ಅಂದರೆ ಆಯುಧಪೂಜೆಯ ದಿನ, ಮಕ್ಕಳು ಎಲ್ಲಿದ್ದರೂ ತಾವು ದುಡಿಯುವ ಹತ್ಯಾರವನ್ನು ಮನೆದೇವರು ಬೀರಪ್ಪನ ಮುಂದೆ ತಂದಿಡಬೇಕು. ಇಷ್ಟು ವರ್ಷ ಯಲ್ಲೇಶ ಪಾನಾಗಳ ಚೀಲ ಒಯ್ಯುತ್ತಿದ್ದ. ಈ ಸಲ ಕಂಪ್ಯೂಟರಿನ ಪೆಟ್ಟಿಗೆಯನ್ನು ಅಪ್ಪನ ಕಂಬಳಿಯಲ್ಲಿ ಸುತ್ತಿ ಎಸ್‌ಟಿ ಬಸ್ಸು ಹತ್ತಿದ. ಒಳಗೆ ಕೋಳಿ ಇದೆಯೇ ಎಂದು ಕಂಡಕ್ಟರ್ ಕೇಳಿದ. ನಿಪ್ಪಾಣಿ ದಾಟಿ ಗಡಹಿಂಗ್ಲಜ ಸ್ಟ್ಯಾಂಡು ಬರುವವರೆಗೂ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಮಂಗಲ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು.

ಕುರಿ ಉಣ್ಣೆ ಕತ್ತರಿಸುವ ಕತ್ತರಿ, ಕೊಡಲಿ, ಕುಡುಗೋಲು, ಅವುಗಳ ನಡುವೆ ಕಂಪ್ಯೂಟರ್. ಅವರಲ್ಲಿ ಭಂಡಾರವನ್ನು, ಅಂದರೆ ದೇವರ ಅರಿಶಿನವನ್ನು, ಬೊಟ್ಟಿಟ್ಟು ಮುಗಿಸುವುದಿಲ್ಲ; ಮುಷ್ಟಿಗಟ್ಟಲೆ ಎರಚುತ್ತಾರೆ. ಕೈ ಬಿಗಿ ಹಿಡಿದರೆ ಬೀರಪ್ಪನೂ ಕೈ ಬಿಗಿ ಹಿಡಿಯುತ್ತಾನೆ ಎಂದು ಸಾವಿತ್ರವ್ವನ ನಂಬಿಕೆ. ಇದು ಸತ್ತ ಕಬ್ಬಿಣವಲ್ಲ, ಜೀವ ಇರುವ ಹತ್ಯಾರ ಎಂದು ತಾಯಿಗೆ ತೋರಿಸುವ ಚಪಲ ಯಲ್ಲೇಶನಿಗೆ. ವೈರು ಎಳೆದು ಪೆಟ್ಟಿಗೆಯನ್ನು ಚಾಲೂ ಮಾಡಿಯೇ ಇಟ್ಟ. ಸಣ್ಣ ದೀಪ ಹತ್ತಿತು, ಒಳಗೆ ಫ್ಯಾನು ಗುಂಯ್ ಎಂದಿತು. ಸಾವಿತ್ರವ್ವ ಒಂದು ಮುಷ್ಟಿ ಎರಚಿದಳು.

“ಇನ್ನೊಂದ ಮುಷ್ಟಿ ಒಗಿ, ಯವ್ವ. ಕೆಲಸ ಸಿಗಬೇಕಾಗೇತಿ.”

ಇನ್ನೊಂದಾಯಿತು, ಮತ್ತೊಂದಾಯಿತು. ಹಳದಿ ಹೊಗೆ ಪೆಟ್ಟಿಗೆಯ ಜಾಲರಿಯೊಳಗೆ ಸರಸರ ಎಳೆದುಕೊಂಡು ಹೋಗುವುದನ್ನು ಎಲ್ಲರೂ ನೋಡಿದರು. ದೇವರೇ ಒಳಗೆ ಹೊಂಟ ಎಂದು ಕೈಮುಗಿದವನು ಬೇರೆ ಯಾರೂ ಅಲ್ಲ, ಇಪ್ಪತ್ತೆಂಟು ವರ್ಷ ಯಂತ್ರ ರಿಪೇರಿ ಮಾಡಿದ ಈ ಬುದ್ಧಿವಂತ.

ಇಚಲಕರಂಜಿಗೆ ಮರಳಿ ಚಾಲೂ ಮಾಡಿದರೆ, ಕಾಲು ತಾಸಿಗೆ ಪರದೆ ಕಪ್ಪಾಯಿತು. ಮತ್ತೆ ಒತ್ತಿದ, ಹತ್ತು ನಿಮಿಷಕ್ಕೆ ಕಪ್ಪಾಯಿತು. ಮರುದಿನವೂ ಅದೇ ಹಾಡು. ಯಲ್ಲೇಶ ಜಿನಪಾಲ ಕೊಟ್ಟ ಪೆನ್‌ಡ್ರೈವಿನಿಂದ ಲಿನಕ್ಸನ್ನು ಮತ್ತೆ ಹಾಕಲು ಹೋದ; ಅರ್ಧಕ್ಕೇ ಆರಿತು. ಪುಕ್ಕಟೆ ಸಿಕ್ಕದ್ದು ಇಷ್ಟೇ ಎಂದು ಬೈದ. ಬೈಯುವುದಕ್ಕೂ ಒಬ್ಬ ಮಾಲಕ ಬೇಡವೇ? ಮನೆಯೊಳಗೆ ನಿಂತರೆ ಹೊರಗೆ ಹೋಗಬೇಕು, ಹೊರಗೆ ಹೋದರೆ ಒಳಗೆ ಬರಬೇಕು. ಜಿನಪಾಲನಿಗೆ ಫೋನು ಮಾಡಿದರೆ ಅವನು ತಂಗಿಯ ಮದುವೆಗೆ ಜಯಸಿಂಗಪುರದಲ್ಲಿದ್ದ. ತಾನೇ ತಾನು ಆರುತ್ತಿದ್ದರೆ ದೋಷ ಲಿನಕ್ಸಿನದಲ್ಲ, ಪೆಟ್ಟಿಗೆಯದು, ನಾಲ್ಕು ದಿನ ಬಿಟ್ಟು ತನ್ನಿ ಎಂದ. ಯಲ್ಲೇಶನಿಗೆ ಉಳಿದಿದ್ದು ಎರಡೇ ದಿನ.

ಅವನ ಓಡಾಟ ನೋಡಿ ನೋಡಿ ಮಂಗಲಳಿಗೇ ತಲೆ ತಿರುಗಿತು. ಹೊಲಿಯುವುದನ್ನು ನಿಲ್ಲಿಸಿದಳು.

“ಶೆಡ್ಡಿನ್ಯಾಗ ಮಗ್ಗ ನಿಂತ್ರ ಮೊದಲ ಏನ್ ಮಾಡ್ತಿದ್ರಿ?”

“ಕೈ ಇಟ್ಟ ನೋಡ್ತಿದ್ನಿ.”

“ಇದಕ್ಕ ಯಾಕ ಇಟ್ಟಿಲ್ಲ?”

ಹೌದಲ್ಲ! ಕಂಬಳಿಯಲ್ಲಿ ಸುತ್ತಿ ತಂದದ್ದು ಬಿಟ್ಟರೆ, ಪೂಜೆಯಾದ ದಿನದಿಂದ ಅವನು ಆ ಪೆಟ್ಟಿಗೆಯ ಮೈ ಮುಟ್ಟಿರಲಿಲ್ಲ. ಮೈತುಂಬ ದೇವರ ಭಂಡಾರವಿತ್ತು, ಅಳಿಸೀತೆಂದು ಒಂದೇ ಬೆರಳಲ್ಲಿ ಗುಂಡಿ ಒತ್ತುತ್ತಿದ್ದ. ಈಗ ಚಾಲೂ ಮಾಡಿ ಹತ್ತು ನಿಮಿಷ ಕಾದು ಅಂಗೈ ಇಟ್ಟ. ಹೆಂಚಿನ ಮೇಲಿಟ್ಟವನಂತೆ ಕೈ ಹಿಂದೆಳೆದುಕೊಂಡ.

ವೈರು ಕಿತ್ತು, ಪಾನಾ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಬಿಚ್ಚಿದ. ಒಳಗಿನ ಫ್ಯಾನಿನ ರೆಕ್ಕೆಗಳು ಹಳದಿ, ಅದರ ಕೆಳಗೆ ಗಾಳಿ ಹಾಯುವ ತಗಡಿನ ಸಂದುಗಳೆಲ್ಲ ಹಿಟ್ಟು ಮೆತ್ತಿದಂತೆ ಮುಚ್ಚಿಹೋಗಿದ್ದವು. ಹಳೆ ಧೂಳಿಗೆ ಭಂಡಾರ ಸೇರಿ ಗಟ್ಟಿಯಾಗಿತ್ತು. ಯಲ್ಲೇಶ ಮೊದಲ ಸಲ ಅಲ್ಲಾಡದೆ ಕೂತ. ಇನ್ನೊಂದು ಮುಷ್ಟಿ ಎಂದು ಕೇಳಿ ಕೇಳಿ ಹಾಕಿಸಿದವನು ತಾನೇ. ತಾಯಿಯ ಮೇಲೆ ಒಂದು ಕ್ಷಣ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಬಾಗಿಲಿಗೆ ಬಣ್ಣ ಬಳಿಯುವ ಸಣ್ಣ ಬ್ರಷ್ಷೊಂದಿತ್ತು. ಅದನ್ನು ತೊಳೆದು ಒಣಗಿಸಿ ಒಂದೊಂದೇ ಸಂದಿಯನ್ನು ಬಿಡಿಸಿದ. ಉದುರಿದ್ದು ದೇವರ ಭಂಡಾರ, ಕಸಕ್ಕೆ ಹಾಕುವ ಹಾಗಿಲ್ಲ. ಮಂಗಲ ಕೆಳಗೆ ಕಾಗದ ಹಿಡಿದು ಕೂತಳು, ಕೊನೆಗೆ ಅದನ್ನು ಮಡಿಚಿ ದೇವರ ಗೂಡಿನಲ್ಲಿಟ್ಟಳು. ಪೆಟ್ಟಿಗೆ ಆವತ್ತು ಸಂಜೆಯವರೆಗೂ ಆರಲಿಲ್ಲ. ಯವ್ವನಿಗೆ ಮಾತ್ರ ಇದನ್ನು ಹೇಳಬೇಡ, ನೊಂದುಕೊಳ್ಳುತ್ತಾಳೆ ಎಂದು ಯಲ್ಲೇಶ ಹೆಂಡತಿಯ ಕೈಯಲ್ಲಿ ಆಣೆ ಹಾಕಿಸಿದ.

ಎಂಟನೆಯ ದಿನ ಕಾರಖಾನೆಗೆ ಹೋದರೆ, ಸ್ನೇಹಲ ಕೆಲಸದಲ್ಲಿದ್ದಳು, ಮುಕ್ಕಾಲು ತಾಸು ಕಾಯಬೇಕಾಯಿತು. ಯಲ್ಲೇಶನನ್ನು ಕುರ್ಚಿಯಲ್ಲಿ ಕಾಯಿಸುವುದು ಯಾರಿಂದ ಸಾಧ್ಯ? ಎದ್ದು ಶೆಡ್ಡಿನೊಳಗೆ ಇಣುಕಿದ. ಮೂರನೆಯ ಮಗ್ಗ ನಿಂತಿತು. ನೇಕಾರ ಗುಂಡಿ ಒತ್ತಿ ಓಡಿಸಿದ. ಹತ್ತು ಹನ್ನೆರಡು ನಿಮಿಷಕ್ಕೆ ಮತ್ತೆ ನಿಂತಿತು. ನಾಲ್ಕು ದಿನದಿಂದ ಹೀಗೇ, ಕಂಪನಿಯವರು ಬರಬೇಕು ಎಂದ ನೇಕಾರ. ಯಲ್ಲೇಶ ಪರದೆಯ ಪೆಟ್ಟಿಗೆಗೆ ಅಂಗೈ ಹಚ್ಚಿದ. ಹಚ್ಚುವುದಕ್ಕೂ ಒಳಗಿಂದ ಕರೆ ಬರುವುದಕ್ಕೂ ಸರಿಹೋಯಿತು.

ಅವನನ್ನು ಕೂರಿಸಿದ ಕಂಪ್ಯೂಟರಿನಲ್ಲಿ ಎಲ್ಲ ಇಂಗ್ಲಿಷು, ಅದೂ ವಿಂಡೋಸ್. ‘ಕಡತಗಳು’ ಎಲ್ಲಿ, ‘ಉಳಿಸು’ ಎಲ್ಲಿ? ಮೂರು ವಾರ ಕನ್ನಡದಲ್ಲಿ ಕಲಿತದ್ದು ಈ ಪರದೆಯಲ್ಲಿ ಬಾಯಿಬಿಡಲಿಲ್ಲ. ಐದು ನಿಮಿಷ ತಡಕಾಡಿ ಕೈ ತೆಗೆದು ಎದ್ದು ನಿಂತ. ನಾನು ಆವತ್ತು ಸುಳ್ಳು ಹೇಳಿದ್ದೆ, ಮನೆಯಲ್ಲಿ ಒಂದು ಹಳೆ ಪೆಟ್ಟಿಗೆ ಇಟ್ಟುಕೊಂಡು ಕಲಿತಿದ್ದೇನೆ, ಆದರೆ ನನ್ನದು ಬೇರೆ, ಇದು ಬೇರೆ ಎಂದು ಮರಾಠಿಯಲ್ಲಿ ಇದ್ದದ್ದು ಇದ್ದಂತೆ ಹೇಳಿಬಿಟ್ಟ.

“ಮಗ ಯೇತಂ ತರೀ ಕಾಯ್?” ಎಂದಳು ಸ್ನೇಹಲ, ಹಾಗಾದರೆ ನಿಮಗೆ ಬರುವುದಾದರೂ ಏನು ಎಂದು.

ಮೂರನೆಯ ಮಗ್ಗದ ಪೆಟ್ಟಿಗೆಗೆ ಉಸಿರು ಕಟ್ಟಿದೆ, ಬಿಚ್ಚಿಸಿರಿ ಎಂದ ಯಲ್ಲೇಶ.

ಅವಳು ಕರೆಂಟು ತೆಗೆಸಿ ಬಿಚ್ಚಿಸಿದಳು. ಒಳಗಿನ ಪುಟ್ಟ ಫ್ಯಾನಿಗೆ ಹತ್ತಿಯ ನಯ ಧೂಳು ಕಂಬಳಿಯಷ್ಟು ದಪ್ಪ ಕೂತಿತ್ತು. ಯಲ್ಲೇಶ ಅಂಗಿಯ ಜೇಬಿನಿಂದ ಬ್ರಷ್ಷು ತೆಗೆದ. ಎರಡು ದಿನದಿಂದ ಅದು ಅಲ್ಲೇ ಇತ್ತು, ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಮಗ್ಗ ಹೊರಟಿತು, ಒಂದು ತಾಸಾದರೂ ನಿಲ್ಲಲಿಲ್ಲ. ಹೇಗೆ ತಿಳಿಯಿತು ಎಂದು ಅವಳು ಕೇಳಿದಾಗ ಭಂಡಾರದ ಕಥೆ ಹೇಳಬೇಕಾಯಿತು. ಸ್ನೇಹಲ ನಕ್ಕಳು, ಆಮೇಲೆ ನಗುವುದು ನಿಲ್ಲಿಸಿ, ಹದಿನಾರು ಮಗ್ಗಗಳ ಪೆಟ್ಟಿಗೆ ನಿಮ್ಮ ಪಾಲಿಗೆ, ಇಂಗ್ಲಿಷು ನಾನು ಕಲಿಸುತ್ತೇನೆ, ನಾಳೆಯಿಂದ ಬನ್ನಿ ಎಂದಳು.

ಮುಂದಿನ ಖಂಡೇನವಮಿಗೆ ಯಲ್ಲೇಶ ಊರಿಗೆ ಕಂಪ್ಯೂಟರ್ ಒಯ್ಯಲಿಲ್ಲ. ಕತ್ತರಿ, ಕೊಡಲಿಗಳ ಪಕ್ಕದಲ್ಲಿ ಆ ಬ್ರಷ್ಷನ್ನಿಟ್ಟ. ಹೋದ ವರ್ಷದ ಪೆಟ್ಟಿಗೆ ಎಲ್ಲಿ ಎಂದು ತಾಯಿ ಕೇಳಿಯಾಳು, ಏನು ಹೇಳುವುದು ಎಂದು ದಾರಿಯುದ್ದಕ್ಕೂ ಬಸ್ಸಿನಲ್ಲಿ ಹೊಯ್ದಾಡಿದ್ದ. ಸಾವಿತ್ರವ್ವ ಕೇಳಲಿಲ್ಲ. ಉಳಿದೆಲ್ಲಕ್ಕೂ ಮುಷ್ಟಿಗಟ್ಟಲೆ ಎರಚುತ್ತ ಬಂದವಳು ಬ್ರಷ್ಷಿನ ಮುಂದೆ ನಿಂತು, ಮುಷ್ಟಿ ಸಡಿಲಿಸಿ, ಎರಡು ಬೆರಳಲ್ಲಿ ಒಂದು ಚಿಟಿಕೆ ಭಂಡಾರ ಹಿಡಿದಳು. ಎಪ್ಪತ್ತು ವರ್ಷದಲ್ಲಿ ಅವಳು ಬೀರಪ್ಪನ ಮುಂದೆ ಹಾಗೆ ಹಿಡಿದದ್ದೇ ಇಲ್ಲ.

“ಇಷ್ಟ ಸಾಕಲ್ಲಪ್ಪಾ? ಇದಕ್ಕೂ ಉಸಿರ ಕಟ್ಟೂದು ಬ್ಯಾಡ.”

ಯಲ್ಲೇಶ ಮಂಗಲಳ ಕಡೆ ನೋಡಿದ. ಆಣೆ ಹಾಕಿದ್ದ ಮಂಗಲ ಮೇಲಿನ ಜಂತಿ ನೋಡುತ್ತಿದ್ದಳು. ಅವನು ತಾಯಿಯ ಕೈ ಹಿಡಿದುಕೊಂಡ. ಕೈ ತಣ್ಣಗಿತ್ತು, ಸ್ವಲ್ಪ ನಡುಗುತ್ತಿತ್ತು. ಒಂದು ವರ್ಷ ಆ ಮುದುಕಿ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕೊರಗಿದ್ದು ಅವನ ಅಂಗೈಗೆ ತಿಳಿಯಿತು. ಅದೇ ಕೈಯನ್ನು ಭಂಡಾರದ ಚೀಲಕ್ಕೆ ಮಣಿಕಟ್ಟಿನವರೆಗೂ ಇಳಿಸಿದ.

“ಮುಷ್ಟಿ ತುಂಬ ಒಗಿ, ಯವ್ವ. ಇದು ಬ್ರಷ್ಷು. ಇದಕ್ಕ ಏನೂ ಆಗೂದಿಲ್ಲ.”

ಸಾವಿತ್ರವ್ವ ಮುಷ್ಟಿ ತುಂಬಿ ಎರಚಿದಳು, ಅರ್ಧ ಬ್ರಷ್ಷಿನ ಮೇಲೆ ಬಿತ್ತು, ಅರ್ಧ ಮಗನ ತಲೆಯ ಮೇಲೆ. ಪೂಜೆ ಮುಗಿಯುವ ತನಕ ಯಲ್ಲೇಶ ಅದನ್ನು ಕೊಡವಿಕೊಳ್ಳಲಿಲ್ಲ, ಎದ್ದೂ ಹೋಗಲಿಲ್ಲ.