ಮಾಮಾನ ಸೂಜಿ ಡಬ್ಬಿ

ಶೇಂಗಾ ಸೋಕಿದರೆ ಸಾಕು, ನನ್ನ ಸೋದರಮಾವನ ತುಟಿಗಳು ಬದನೆಕಾಯಿಯಂತೆ ಊದುತ್ತಿದ್ದವು. ಕಣ್ಣು ಮುಚ್ಚಿಹೋಗಿ ಗಂಟಲಿನಿಂದ ಗರಗಸದ ಸದ್ದು ಬರುತ್ತಿತ್ತು. ರೊಟ್ಟಿ ಇದ್ದಲ್ಲೆಲ್ಲ ಶೇಂಗಾ ಇರುವ ನಮ್ಮ ಸೀಮೆಯಲ್ಲಿ ಅವನಿಗೆ ಊಟವೆಂದರೆ ಜಗಳವೇ. ಬಾಗೇವಾಡಿಯ ಡಾಕ್ಟರು ಕೊಟ್ಟ ಗಾಜಿನ ಸಿರಿಂಜು, ಸೂಜಿ ಮತ್ತು ಮದ್ದಿನ ಗಾಜಿನ ಕೊಳವೆಗಳನ್ನು ಸ್ಟೀಲಿನ ಡಬ್ಬಿಯಲ್ಲಿಟ್ಟು, ಅಂಗಿಯ ಒಳಜೇಬಿನಲ್ಲಿ ಹೊತ್ತೇ ಮುದ್ದೇಬಿಹಾಳದಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದ.

ಒಮ್ಮೆ ಇಂಗಳೇಶ್ವರದ ಬೀಗರೊಬ್ಬರು, "ಇವಂದೆಲ್ಲಾ ನಾಟಕ" ಎಂದು ಪಲ್ಲೆಯಲ್ಲಿ ಶೇಂಗಾಪುಡಿ ಅಡಗಿಸಿ ಬಡಿಸಿದರು. ಸೂಜಿ ಚುಚ್ಚಿಕೊಂಡು ಉಸಿರು ಬಂದ ಮೇಲೆ ಮಾಮಾ ಅವರ ಅಡುಗೆಮನೆಯ ಗಡಿಗೆಗಳನ್ನೆಲ್ಲ ಒಡೆದ. "ನಾಟಕ ಮುಗೀತ್ರಿ, ಚಪ್ಪಾಳಿ ಹೊಡೀರಿ" ಎಂದನಂತೆ. ಇದನ್ನು ನಾನು ಕಂಡಿದ್ದೇನೋ, ಕೇಳಿ ಕೇಳಿ ಕಂಡಂತಾಗಿದೆಯೋ, ಹೇಳಲಾರೆ. ಆದರೆ ವಿಮಾನದಲ್ಲಿ ನಡೆದದ್ದನ್ನು ಕಂಡಿದ್ದೇನೆ.

ಎಪ್ಪತ್ತರ ದಶಕ. ಧಾರವಾಡದಲ್ಲಿ ಎಂ.ಎ. ಮುಗಿಸಿದ್ದ ನನಗೆ ದಿಲ್ಲಿಯ ಕಾಲೇಜೊಂದರಿಂದ ಸಂದರ್ಶನದ ತಂತಿ ತಡವಾಗಿ ಬಂತು. ರೈಲು ಹಿಡಿದರೆ ಮುಟ್ಟುವಂತಿರಲಿಲ್ಲ. ಮಾಮಾ ಮುಂಬಯಿಯಿಂದ ಇಬ್ಬರಿಗೂ ವಿಮಾನದ ಟಿಕೆಟು ತೆಗೆಸಿದ. ಅಲ್ಲಿ ತಪಾಸಣೆಯವನು ಡಬ್ಬಿ ತೆರೆದು, ಸೂಜಿ ಒಯ್ಯುವಂತಿಲ್ಲ ಎಂದ. ಮಾಮಾ ಅವನ ಕೊರಳಪಟ್ಟಿ ಹಿಡಿದ. ಕೊನೆಗೆ ಡಬ್ಬಿ ಗಗನಸಖಿಯ ವಶದಲ್ಲಿರಲಿ, ಇಳಿದ ಮೇಲೆ ಕೊಡುವುದೆಂದಾಯಿತು.

ಆಕಾಶದಲ್ಲಿ ಅವ್ವ ಕಟ್ಟಿದ ಬುತ್ತಿ ಬಿಚ್ಚಿದೆವು. ಕಟಕ ರೊಟ್ಟಿ, ಅಗಸಿ ಹಿಂಡಿ. ಮಾಮಾನಿಗೆಂದೇ ಶೇಂಗಾ ಬಿಟ್ಟು ಕುಟ್ಟಿದ ಚಟ್ನಿಪುಡಿ ಅದು. ಆದರೆ ನಮ್ಮ ಮನೆಗಳಲ್ಲಿ ಹಿಂಡಿ ಕುಟ್ಟುವ ಕಲ್ಲಿನ ಒಳ್ಳನ್ನು ತೊಳೆಯುವುದಿಲ್ಲ. ಹಸಿ ತಾಗಿದರೆ ಹಿಂಡಿ ಕೆಡುತ್ತದೆಂದು ಅರಿವೆಯಿಂದ ಒರೆಸಿಬಿಡುತ್ತಾರೆ. ಹಿಂದಿನ ದಿನ ಅದರಲ್ಲಿ ಕುಟ್ಟಿದ್ದು ಶೇಂಗಾ.

ಎರಡು ತುತ್ತಿಗೇ ಮಾಮಾನ ತುಟಿ ಊದಿತು. ಮಾತು ಹೊರಡದೆ ಎದ್ದು, ಡಬ್ಬಿಗಾಗಿ ಮುಂದಕ್ಕೆ ಓಡಿ, ಎದುರು ಸಿಕ್ಕ ಬಾಗಿಲನ್ನು ಗುದ್ದತೊಡಗಿದ. ವಿಮಾನ ಅಪಹರಣವೆಂದು ಯಾರೋ ಕಿರುಚಿದರು. ನಾಲ್ಕಾರು ಜನ ಅವನನ್ನು ಕೆಡವಿ ತುಳಿದರು. ದಪ್ಪನೆಯ ಒಬ್ಬ ಎದೆಯ ಮೇಲೇ ಕೂತ. ಔಷಧ, ಔಷಧ ಎಂದು ನಾನು ಎಷ್ಟು ಕೂಗಿದರೂ ಏಳಲಿಲ್ಲ. ಮಾಮಾನ ಮುಖ ನೀಲಿಯಾಗುತ್ತಿತ್ತು. ನೀರಿನ ಹಿತ್ತಾಳೆ ತಂಬಿಗೆ ಎತ್ತಿ ಆ ದಪ್ಪನೆಯವನ ಮುಖಕ್ಕೆ ಬೀಸಿದೆ. ಮೂಗು ಒಡೆದ ಸದ್ದು ಕೇಳಿಸಿತು. ಅದಕ್ಕೆ ಅಂದೂ ಮರುಗಲಿಲ್ಲ, ಇಂದೂ ಇಲ್ಲ.

ಗಗನಸಖಿ ಡಬ್ಬಿ ತಂದಳು. ಕೊಳವೆಯ ಕುತ್ತಿಗೆ ಮುರಿಯುವಾಗ ನನ್ನ ಹೆಬ್ಬೆರಳು ಸೀಳಿತು. ಧೋತರದ ಮೇಲಿಂದಲೇ ಮಾಮಾನ ತೊಡೆಗೆ ಸೂಜಿ ಇಳಿಸಿದೆ. ಉಸಿರು ಬಂತು. "ಮಗನ, ಇಂಜಕ್ಷನ್ ಮಾಡಿದೇನು, ಬರ್ಚಿ ಚುಚ್ಚಿದೇನು?" ಎಂದ.

ದಿಲ್ಲಿಯಲ್ಲಿ ಪೊಲೀಸರು ಕಾದಿದ್ದರು. ಮೂಗು ಒಡೆದವನು ಬಾಯಿ ತೆರೆಯುವ ಮೊದಲೇ ಮಾಮಾ ಮುರುಕು ಹಿಂದಿಯಲ್ಲಿ, ಹೊಡೆದವನು ತಾನೇ ಎಂದ.

"ಮಾಮಾ, ಹೊಡದಾಂವ ನಾನು, ನೀ ಅಲ್ಲ."

"ಬಾಯಿ ಮುಚ್ಚಲೇ. ಇಷ್ಟ ಓದಿದಿ, ಒಂದ ಸುಳ್ಳ ಹೇಳಾಕ ಬರೂದಿಲ್ಲ ನಿನಗ? ನಡಿ, ನಿನ್ನ ಸಂದರ್ಶನಕ್ಕ ಹೊತ್ತಾಗತೈತಿ."

ನಾನು ಸಂದರ್ಶನಕ್ಕೆ ಹೋದೆ. ಅವನು ಲಾಕಪ್ಪಿಗೆ ಹೋದ. ಅಲ್ಲಿದ್ದವರೊಡನೆಯೂ ಹೊಡೆದಾಡಿ, ಮರುದಿನ ಮುಂದಿನ ಹಲ್ಲು ಕಳೆದುಕೊಂಡು ಹೊರಬಂದ. ನನಗೆ ಕೆಲಸ ಸಿಕ್ಕಿತ್ತು.

ಊರಿಗೆ ಮರಳಿದ ಮಾಮಾ ಆ ಪೆಟ್ಟನ್ನು ತನ್ನದೇ ಎಂದು ಅದೆಷ್ಟು ಹುರುಪಿನಿಂದ ಹೇಳಿದನೆಂದರೆ, ಕತೆ ಸಿಂದಗಿ, ಇಂಡಿ ಊರುಗಳವರೆಗೂ ಹೋಯಿತು. ಕೆಲವು ವರ್ಷ ನನಗೇ ಅನುಮಾನ ಬಂದದ್ದುಂಟು, ತಂಬಿಗೆ ಯಾರ ಕೈಯಲ್ಲಿತ್ತು ಎಂದು.

ಮುಂದೆ ಒಂದು ಬೆಳಗ್ಗೆ ಮಾಮಾ ಎದೆನೋವಿನಿಂದ ತೀರಿಕೊಂಡ. ಹೆಣದ ಸುತ್ತ ಕೂತವರು, "ವಿಮಾನದಾಗ ಮೂಗ ಒಡದ ಗಂಡಸ್ರಿ ಅಂವ" ಎಂದು ಕಣ್ಣೊರೆಸಿಕೊಂಡರು. ಅಂಗಾತ ಬಿದ್ದು ಉಸಿರಿಗೆ ಒದ್ದಾಡುತ್ತಿದ್ದವನು ತಂಬಿಗೆ ಹೇಗೆ ಬೀಸಿದ ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ.