ಮಾಸ್ತರರ ಗಲ್ಲ

ನಮ್ಮ ಸೀಮೆ ಇನ್ನೂ ಮುಂಬಯಿಗೆ ಸೇರಿದ್ದ ಕಾಲ. ಗಜೇಂದ್ರಗಡದಲ್ಲಿ ನಮಗೆ ಚಿತ್ರ ಕಲಿಸಿದ ಡ್ರಾಯಿಂಗ್ ಮಾಸ್ತರರು ನಮ್ಮ ಹಾಳೆಗೆ ಎಂದೂ ಕೈ ಹಚ್ಚಿದವರಲ್ಲ. ಕೈ ಹಿಂದೆ ಕಟ್ಟಿ, ಒಂದು ಕಣ್ಣು ಮುಚ್ಚಿ ನಮ್ಮ ಬೆನ್ನ ಹಿಂದೆ ನಿಲ್ಲುತ್ತಿದ್ದರು. "ಕಂಡಷ್ಟ ಬರೀರಿ" ಅನ್ನುವುದು ಬಿಟ್ಟರೆ ಬೇರೆ ಪಾಠವಿರಲಿಲ್ಲ. ಕೆಳಗೆ ಮಗ್ಗಗಳ ಸದ್ದು. ಮೇಲೆ ಮಾಳಿಗೆಯಲ್ಲಿ ನಾವು ಐದಾರು ಮಂದಿ, ಮುಂಬಯಿಯ ಚಿತ್ರಕಲಾ ಕಾಲೇಜು ಸೇರುವ ಆಸೆಯಿಂದ ತಂಬಿಗೆ, ಬುಟ್ಟಿ ಬರೆಯುತ್ತಿದ್ದೆವು.

ನಾವು ಹೊರಡುವ ಮುಂಚಿನ ವಾರ ಅವರೇ ಕುರ್ಚಿ ಹಾಕಿಕೊಂಡು ಕುಂತರು. "ಇವತ್ತ ನನ್ನ ಬರೀರಿ" ಅಂದರು. ಸಿಡುಬು ಅವರ ಮುಖದ ತುಂಬ ಕುಳಿ ಬಿಟ್ಟುಹೋಗಿತ್ತು. ಗುರುವಿನ ಮುಖದ ಮೇಲೆ ಅವನ್ನು ಬರೆಯುವುದಾದರೂ ಹೇಗೆ? ಎಲ್ಲರೂ ನುಣ್ಣನೆಯ ಗಲ್ಲ ಬರೆದೆವು.

ಮಾಸ್ತರರು ಒಂದೊಂದೇ ಹಾಳೆ ನೋಡಿದರು.

"ಚಲೋ ಅದಾನ. ಯಾರಿವ?"

ಕೊನೆಯ ಹಾಳೆಯಿಂದ ಕಣ್ಣೆತ್ತಿ ನಮ್ಮ ಕಡೆ ನೋಡಿದರು.

"ಮರ್ಯಾದಿ ಕಲ್ತೀರಿ. ನೋಡೂದು ಇನ್ನೂ ಕಲ್ತಿಲ್ಲ."

ಕುರ್ಚಿಯನ್ನು ಪಡುವಣ ಕಿಟಕಿಗೆ ಎಳೆದುಕೊಂಡರು. ಸಂಜೆಯ ಓರೆಬಿಸಿಲಿಗೆ ಒಂದೊಂದು ಕುಳಿಯಲ್ಲೂ ನೆರಳು ತುಂಬಿತು. ಆ ಗಲ್ಲವನ್ನೇ ನಮ್ಮ ಕಡೆ ತಿರುಗಿಸಿ ಕುಂತರು. "ಹೂಂ, ಕಂಡಷ್ಟ ಬರೀರಿ."

ದಿನಾ ಎದುರಿಗಿದ್ದ ಆ ಮುಖವನ್ನು ನಾನು ನೋಡಿದ್ದು ಅವತ್ತೇ.