ಗಾದಿಲಿಂಗಮ್ಮನ ಬೈಗುಳ

ಗಾದಿಲಿಂಗಮ್ಮನ ಬಾಯಿಗೆ ಬಿದ್ದವರು ಕೆಟ್ಟರು ಎಂದು ಆ ಓಣಿಯಲ್ಲಿ ಯಾರೂ ಹೇಳುವುದಿಲ್ಲ. ಬೈಸಿಕೊಂಡವರ ತಟ್ಟೆಗೆ ಒಂದು ಮಿರ್ಚಿ ಹೆಚ್ಚು ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆಂಧ್ರದ ಆದೋನಿಯ ಹತ್ತಿ ಮಾರ್ಕೆಟ್ಟಿನ ಗೇಟಿನ ಪಕ್ಕ ಆಕೆಯ ತಳ್ಳುಬಂಡಿ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆಯ ಉಗ್ಗಾಣಿ, ಮಿರ್ಚಿ. ಬಿಸಿಲೇರುವ ಹೊತ್ತಿಗೆ ಬಾಂಡಲಿ ತೊಳೆದಾಯಿತು. ಗಂಡ ತೀರಿಕೊಂಡ ಮೇಲೆ ಬಂಡಿಯನ್ನೂ ಬಾಯನ್ನೂ ನೆಚ್ಚಿಕೊಂಡೇ ಮಗಳನ್ನು ಎಮ್ಮಿಗನೂರಿಗೆ ಕೊಟ್ಟು ಮದುವೆ ಮಾಡಿದಳು. ಅಕ್ಷರ ಬಾರದು. ಅದಕ್ಕಾಗಿ ಆಕೆ ಎಂದೂ ಮರುಗಿದವಳಲ್ಲ.

ಮಗಳು ತನ್ನ ಹಳೆಯ ಫೋನು ಕೊಟ್ಟಾಗ ಮೊದಮೊದಲು ಅದನ್ನು ಕಡಲೆಹಿಟ್ಟಿನ ಡಬ್ಬಿಗೆ ಒರಗಿಸಿ ಹಾಡು ಕೇಳುತ್ತಿದ್ದಳು. ಆಮೇಲೆ ಯಾರೋ ಪುಣ್ಯಾತ್ಮರು ಓಣಿಯ ವಾಟ್ಸಾಪ್ ಗ್ರೂಪಿಗೆ ಸೇರಿಸಿದರು. ಮೈಕಿನ ಗುರುತನ್ನು ಒತ್ತಿ ಹಿಡಿದು ಮಾತಾಡಿದರೆ ಊರಿಗೆಲ್ಲ ಕೇಳುತ್ತದೆ ಎಂದು ಗೊತ್ತಾದದ್ದೇ ತಡ, ಮೊದಲೇ ಕೋತಿ, ಮೇಲೆ ಹೆಂಡ ಕುಡಿಸಿದಂತಾಯಿತು. ಕಸದ ಗಾಡಿ ಬಾರದಿದ್ದರೆ ಆಕೆಯ ಧ್ವನಿ. ಬೀದಿ ದೀಪ ಕೆಟ್ಟರೆ ಆಕೆಯ ಧ್ವನಿ. ಓದು ಬಲ್ಲವರು ಟೈಪು ಮಾಡಿದ ದೂರಿಗೆ ಮಿಸುಕದ ಜನ ಈಕೆಯ ಕೂಗು ತಡೆಯಲಾರದೆ ಎದ್ದು ಬರುತ್ತಿದ್ದರು. ಅದರಲ್ಲಿ ಆಕೆಗೆ ಸ್ವಲ್ಪ ಜಂಬವೂ ಇತ್ತು, ಇರಬಾರದೇಕೆ?

ಓಣಿಗೆ ನೀರು ಬಿಡುವವನು ದಸ್ತಗಿರಿ. ಗುತ್ತಿಗೆದಾರನ ಕೈಕೆಳಗಿನ ಕೆಲಸ. ಮನೆ ಅದೇ ಓಣಿಯ ಕೊನೆಗೆ. ವಾಲ್ ತಿರುಗಿಸಿ ಒದ್ದೆ ಕೈಯಲ್ಲೇ ಬಂಡಿಗೆ ಬಂದು ನಿಂತರೆ, “ಬಂದ್ಯಾ, ದಂಡಪಿಂಡ?” ಎನ್ನುತ್ತಾ ತಟ್ಟೆ ಕೊಡುವಳು. “ಬಂದೆ ನೋಡಕ್ಕಾ” ಎಂದು ಅವನು ನಗುವನು. ಒಡಹುಟ್ಟಿದವರಿಲ್ಲದ ಗಾದಿಲಿಂಗಮ್ಮನಿಗೆ ತಮ್ಮ ಎಂದರೆ ಅವನೇ.

ಈ ಬೇಸಿಗೆಯಲ್ಲಿ ಟ್ಯಾಂಕಿನ ಹತ್ತಿರದ ಪಂಪು ಸುಟ್ಟಿತು. ಓಣಿಗೆ ಅದು ಗೊತ್ತಿರಲಿಲ್ಲ. ನೀರಿಲ್ಲದೆ ದಿನಗಳು ಕಳೆದವು, ದಸ್ತಗಿರಿಯೂ ಪಂಪಿನ ಹಿಂದೆ ಓಡಾಡುತ್ತಾ ಬಂಡಿಯ ಕಡೆ ತಲೆ ಹಾಕಲಿಲ್ಲ. ಗಾದಿಲಿಂಗಮ್ಮ ಮೈಕು ಒತ್ತಿದಳು.

“ಏ ದಸ್ತಗಿರಿ, ಎಲ್ಲಿ ಬಿದ್ದೀಯೋ ಮುಠ್ಠಾಳ? ನಳದಾಗ ಬರೀ ಗಾಳಿ ಬರ್ತೈತಿ. ವಾಲ್ ತಿರುವಾಕ ಕೈಗೆ ಲಕ್ವ ಹೊಡದೈತೇನು? ನಮ್ಮ ನೀರು ಯಾರ ಮನಿ ಹಂಡೇಕ ಸುರದಿ? ನಾಳಿ ಬಾ ಉಗ್ಗಾಣಿ ತಿನ್ನಾಕ, ತಟ್ಟಿಗೆ ಬರೀ ಹಸಿಮೆಣಸಿನಕಾಯಿ ಇಡ್ತೀನಿ!”

ಓಣಿ ನಕ್ಕಿತು. ದಸ್ತಗಿರಿಯೂ ನಗುವ ಮುಖದ ಗುರುತೊಂದನ್ನು ಹಾಕಿದ. ಅಲ್ಲಿಗೇ ಮುಗಿಯಬೇಕಿತ್ತು.

ಗ್ರೂಪಿನಲ್ಲಿದ್ದ ವಾಗೀಶ್ ಮೊಬೈಲಿನಲ್ಲೇ ಲೋಕಲ್ ನ್ಯೂಸ್ ಚಾನೆಲ್ ನಡೆಸುವವನು. ಖಾಲಿ ಕೊಡಗಳ ಫೋಟೋ ಹಾಕಿ, ಆಕೆಯ ಧ್ವನಿ ಕೂಡಿಸಿ, ತೆಲುಗಿನಲ್ಲಿ ‘ನೀಳ್ಳ ಕೋಸಂ ಮಹಿಳ ಆಕ್ರೋಶಂ’, ನೀರಿಗಾಗಿ ಮಹಿಳೆಯ ಆಕ್ರೋಶ, ಎಂದು ಹೆಸರಿಟ್ಟು ಬಿಟ್ಟ. ಉಗ್ಗಾಣಿಯ ಮಾತನ್ನು ಕತ್ತರಿಸಿದ್ದ. ಆಕೆಯ ನಂಬರಿನಿಂದಲೇ ಆನ್‌ಲೈನಿನಲ್ಲಿ ದೂರನ್ನೂ ಕೊಟ್ಟಿದ್ದ. ಆಸ್ಪರಿ, ಮಂತ್ರಾಲಯದ ಕಡೆಯವರೆಲ್ಲ ಕೇಳಿದರು. ನೀರು ಮಾರಿಕೊಂಡ ಕಳ್ಳ ಎಂದು ದಸ್ತಗಿರಿಯನ್ನು ಗುರುತು ಪರಿಚಯವಿಲ್ಲದವರು ಉಗಿದರು. ಗುತ್ತಿಗೆದಾರ ತನ್ನ ತಲೆ ಉಳಿಸಿಕೊಳ್ಳಲು ಅವನನ್ನು ಕೆಲಸದಿಂದ ತೆಗೆದ. ಅಷ್ಟರಲ್ಲಿ ಪಂಪು ರಿಪೇರಿಯಾಗಿ ನೀರು ಭೋರೆಂದು ಬಂತು. ಕಳ್ಳ ಹೋದ, ನೀರು ಬಂತು ಎಂದು ಜನ ಲೆಕ್ಕ ಹಾಕಿಬಿಟ್ಟರು.

ಬಂಡಿಗೆ ಬಂದವರೆಲ್ಲ ಶಹಬ್ಬಾಸ್ ಎಂದರು. ಪಂಪು ಸುಟ್ಟಿದ್ದನ್ನು ಉಗ್ಗಾಣಿ ತಿನ್ನಲು ಬಂದ ರಿಪೇರಿಯವನು ಹೇಳಿದ. ಗಾದಿಲಿಂಗಮ್ಮನಿಗೆ ಅದನ್ನು ಕೇಳಿದ ಮೇಲೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಮಿರ್ಚಿ ಕರಕಲಾಯಿತು, ಉಗ್ಗಾಣಿಗೆ ಉಪ್ಪು ಎರಡೆರಡು ಸಲ ಬಿತ್ತು. ಮತ್ತೆ ಮೈಕು ಒತ್ತಿ, “ಅವ ಚಲೋ ಮನಷ್ಯಾ ಅದಾನ, ನಾ ಸಲಿಗಿಲಿಂದ ಬೈದೀನಿ” ಎಂದಳು. ಯಾರೋ ಒಬ್ಬರು ಕೈಮುಗಿದ ಗುರುತು ಹಾಕಿದರು. ಮಾತು ಓಣಿ ದಾಟಲಿಲ್ಲ. ವಾಗೀಶನ ಮನೆಗೇ ಹೋದಳು.

“ಇದನ್ನೂ ಹಾಕಪ್ಪಾ ನಿನ್ನ ನ್ಯೂಸಿನಾಗ.”

“ಅಕ್ಕಾ, ಬೈದದ್ದನ್ನ ಸಾವಿರಗಟ್ಲೆ ಮಂದಿ ನೋಡ್ಯಾರ. ಹೊಗಳಿದ್ದನ್ನ ಯಾರು ನೋಡ್ತಾರ?”

“ನೋಡದಿದ್ರ ಬಿಡು. ನೀ ಹಾಕು.”

ಹಾಕುತ್ತೇನೆ ಎಂದ. ಹಾಕಲಿಲ್ಲ.

ಸೋಮವಾರ ಬಂಡಿ ಮುಚ್ಚಿ ಅರ್ಜಿ ಕೇಳುವ ಆಫೀಸಿಗೆ ಹೋದಳು. ಅಲ್ಲಿನ ಸಾಹೇಬರು ಸಿಟ್ಟಿನವರಲ್ಲ, ಪಾಪ. ಫೋನು ತೆಗೆದು ಆಕೆಯದೇ ಧ್ವನಿ ಕೇಳಿಸಿದರು. “ಇದಿ ನೀ ಗೊಂತೇ ಕದಮ್ಮಾ?” ದನಿ ನಿನ್ನದೇ ತಾನೇ ಎಂದು ತೆಲುಗಿನಲ್ಲಿ ಕೇಳಿದರು.

“ನಂದೇ ಸಾರ್.”

“ಮತ್ತ ಯಾವುದು ಖರೇ? ಅದೋ, ಇವತ್ತು ಹೇಳಾಕತ್ತಿದ್ದೋ?”

“ಎರಡೂ ಖರೇನೇ ಸಾರ್. ನಮ್ಮವರನ್ನ ಹಂಗೇ ಬೈತೀವಿ ನಾವು.”

ಹಾಗೆಂದು ಬರೆದುಕೊಳ್ಳಲು ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ. ಆಕೆಯ ನಂಬರಿನಿಂದ ಹೋಗಿದ್ದ ನೀರಿನ ಅರ್ಜಿ ಮುಗಿಸುವ ಮುಂಚೆ ಆಕೆಗೆ ಒಂದು ಫೋನು ಬರುತ್ತದೆ, ಆಗ ಎರಡು ಒತ್ತಿದರೆ ಫೈಲು ಮತ್ತೆ ತೆರೆಯುತ್ತದೆ, ದಸ್ತಗಿರಿಯ ವಿಚಾರವನ್ನು ಅದರಲ್ಲಿ ಸೇರಿಸಬಹುದು ಎಂದರು ಸಾಹೇಬರು.

ಅಂದಿನಿಂದ ಫೋನು ಆಕೆಯ ಸೆರಗಿನಲ್ಲೇ. ಲೋನು ಬೇಕೇ ಎಂದು ಕೇಳುವವರ ಕರೆಯನ್ನೂ ಕೈಯ ಕೆಲಸ ಬಿಟ್ಟು ಎತ್ತುತ್ತಿದ್ದಳು. ಪಕ್ಕದ ಮನೆಯ ಅಂಬಮ್ಮ, “ನೀರು ಚಲೋ ಬರಾಕತ್ತೈತಿ, ಇನ್ಯಾಕ ಕೆದಕ್ತಿ?” ಎಂದು ಮುಖ ತಿರುಗಿಸಿದಳು. ಓಣಿಯ ಕೊನೆಯ ಆ ಮನೆಯ ಕಡೆ ಮಾತ್ರ ಗಾದಿಲಿಂಗಮ್ಮ ಹೆಜ್ಜೆ ಇಡಲಿಲ್ಲ. ಕೆಲಸ ವಾಪಸ್ಸು ಕೊಡಿಸಿಯೇ ಮುಖ ತೋರಿಸಬೇಕು ಎಂದುಕೊಂಡಿದ್ದಳು.

ಕರೆ ಬಂದಾಗ ಕೈ ಹಿಟ್ಟಿನಲ್ಲಿತ್ತು. ತೆಲುಗಿನಲ್ಲಿ ಹೆಣ್ಣು ಧ್ವನಿಯೊಂದು, ಎಷ್ಟು ಅಕ್ಕರೆಯಿಂದ, “ನಮಸ್ಕಾರಮಂಡಿ” ಎಂದಿತು. ಗಾದಿಲಿಂಗಮ್ಮನ ಕಟ್ಟೆಯೊಡೆಯಿತು.

“ನಮಸ್ಕಾರ ತಾಯಿ, ನಿನ್ನ ಫೋನಿಗೇ ಕಾಯಾಕತ್ತಿದ್ದೆ. ಕೇಳಿಲ್ಲಿ, ಆ ದಸ್ತಗಿರಿ ನೀರು ಮಾರಿಲ್ಲ, ಪಂಪು ಸುಟ್ಟಿತ್ತು…”

ಸಮಸ್ಯೆ ಪರಿಹಾರವಾಗಿದ್ದರೆ ಒಂದು, ಇಲ್ಲವಾದರೆ ಎರಡು ಎಂದಿತು ಧ್ವನಿ.

“ಹೇಳ್ತೀನಿ ತಡಿಯವ್ವ, ನಡುವ ಬಾಯಿ ಹಾಕಬ್ಯಾಡ. ಅವನಿಗೆ ಹೆಂಡ್ತಿ ಮಕ್ಕಳದಾರ…”

ಧ್ವನಿ ಅದನ್ನೇ ಮತ್ತೊಮ್ಮೆ ಹೇಳಿ, ಧನ್ಯವಾದ ಹೇಳಿ ನಿಂತಿತು. ಎರಡು ಒತ್ತಬೇಕು ಎಂದು ಆಕೆಗೆ ಆಗ ನೆನಪಾಯಿತು. ಒತ್ತಿದಳು, ಹಿಟ್ಟಿನ ಬೆರಳಲ್ಲೇ ಮೇಲಿಂದ ಮೇಲೆ ಒತ್ತಿದಳು. ಕರೆ ಕಡಿದಿತ್ತು. ಹಿಂದೆಯೇ ಮೆಸೇಜು ಬಂತು. ತಟ್ಟೆ ಹಿಡಿದು ನಿಂತಿದ್ದ ಹಮಾಲಿ ಚಂದ್ರ ಅದನ್ನು ಓದಿದ: “ನಿನ್ನ ಅರ್ಜಿ ಮುಗೀತಂತ ಅಕ್ಕಾ. ಸಮಸ್ಯಾ ಪರಿಹಾರ ಆಗೈತಂತ.”

ಗಾದಿಲಿಂಗಮ್ಮ ಒಲೆ ಆರಿಸಿದಳು. ಕರಿದ ಮಿರ್ಚಿಯನ್ನು, ಇದ್ದ ಉಗ್ಗಾಣಿಯನ್ನು ಒಂದು ಡಬ್ಬಿಗೆ ತುಂಬಿ ಓಣಿಯ ಕೊನೆಗೆ ನಡೆದಳು. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಜೋಡಿಸಿಕೊಂಡೇ ಹೋದಳು. ಊರಿಗೆಲ್ಲ ಹೇಳಿ ಬಂದವಳು ಅವನಿಗೇ ಹೇಳಿರಲಿಲ್ಲವಲ್ಲ.

ದಸ್ತಗಿರಿ ಬಾಗಿಲಲ್ಲೇ ಕೂತಿದ್ದ. ಗಡ್ಡ ಬೆಳೆದಿತ್ತು. ಆಕೆ ಬಂದು ನಿಂತಳು, ಜೋಡಿಸಿಕೊಂಡ ಮಾತು ಒಂದೂ ಹೊರಡಲಿಲ್ಲ. ಅವನು ಡಬ್ಬಿಯನ್ನು ನೋಡಿದ, ಆಕೆಯ ಮುಖವನ್ನು ನೋಡಿದ.

“ಬೈಯಕ್ಕಾ,” ಎಂದ. “ನೀ ಹಿಂಗ ಸುಮ್ಮನ ನಿಂತರ ನನಗ ಅಂಜಿಕಿ ಆಗ್ತೈತಿ.”

ಗಾದಿಲಿಂಗಮ್ಮ ಬಾಯಿ ತೆರೆದಳು. ಸುತ್ತ ಒಮ್ಮೆ ಕಣ್ಣಾಡಿಸಿ, ಯಾರಾದರೂ ಫೋನು ಹಿಡಿದಿದ್ದಾರೇನೋ ಎಂದು ನೋಡಿ, ಮತ್ತೆ ಮುಚ್ಚಿಕೊಂಡಳು.